ನ್ಯಾಯಾಧೀಶರ ಜ್ಯೇಷ್ಠತೆ ಮತ್ತು ತಾರೀಖಿಲ್ಲದ ಸರದಿ

ನ್ಯಾಯಾಂಗ ಸೇವೆಯಲ್ಲಿರತಕ್ಕವರೊಳಗೆ ಯಾರು ಯಾರಿಗಿಂತ ಹಿರಿಯರೆಂಬ ವಿವಾದವು ಹೊರಗಿನವರ ಕಣ್ಣಿಗೆ ಅಧಿಕಾರಿಗಳ ಮನೆಯೊಳಗಿನ ಜಗಳವಾಗಿ ತೋರುವುದು ಸಹಜವೇ ಆದರೂ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ನ್ಯಾಯಾಲಯಗಳಲ್ಲಿ ತೋಟದ ಗಡಿಗೋ, ಹಿಸ್ಸೆಗೋ, ಹಳ್ಳದ ನೀರಿನ ಹಕ್ಕಿಗೋ ದಾವೆ ಹೂಡಿ, ವಾಯಿದೆಯಿಂದ ವಾಯಿದೆಗೆ ಅಲೆಯುವ ಕಕ್ಷಿದಾರನಿಗೂ ಆ ವಿವಾದಕ್ಕೂ ನೇರವಾದ ಸಂಬಂಧವಿದೆಯೆಂದು ನಾನು ದೃಢವಾಗಿ ನಂಬಿದ್ದೇನೆ. ಆ ದಾವೆಯನ್ನು ವಿಚಾರಿಸುವ ಅಧಿಕಾರಿಯು ತಾಲ್ಲೂಕಿನಲ್ಲಿ ಸವೆಸಿದ ವರ್ಷಗಳಿಗೆ ಮುಂದೆ ಬೆಲೆಯುಂಟೆಂಬ ಭರವಸೆಯಿಂದ ಕೆಲಸಮಾಡುತ್ತಾರೆಯೋ, ಅಥವಾ ತಮಗಿಂತ ಎಷ್ಟೋ ತಡವಾಗಿ ಸೇವೆಗೆ ಬರಲಿರುವವರು ಒಂದು ದಿನ ತಮ್ಮ ಮೇಲೆ ಕುಳಿತುಕೊಳ್ಳುವರೆಂಬ ಆತಂಕವನ್ನು ಒಳಗಿಟ್ಟುಕೊಂಡು ತೀರ್ಪು ಬರೆಯುತ್ತಾರೆಯೋ ಎಂಬುದು ಸಾರ್ವಜನಿಕರಿಗೆ ಅಪ್ರಸ್ತುತವಾದ ವಿಷಯವಲ್ಲ.

ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿಯವರ ನೇತೃತ್ವದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2025ರ ನವೆಂಬರ್ 19ರಂದು ಕೊಟ್ಟ ತೀರ್ಪು ಈ ವಿವಾದವನ್ನು ಮತ್ತೆ ಮುನ್ನೆಲೆಗೆ ತಂದಿದೆ. ಜಿಲ್ಲಾ ನ್ಯಾಯಾಧೀಶರ ವೃಂದಕ್ಕೆ ಪ್ರವೇಶಿಸಲು ಇಂದು ಮೂರು ದಾರಿಗಳಿವೆ. ಸಿವಿಲ್ ನ್ಯಾಯಾಧೀಶರಾಗಿ ಸೇರಿ, ಹಿರಿಯ ಸಿವಿಲ್ ನ್ಯಾಯಾಧೀಶರಾಗಿ, ಕ್ರಮಪ್ರಾಪ್ತವಾಗಿ ಬಡ್ತಿ ಹೊಂದುವುದು ಒಂದು. ಸೇವೆಯಲ್ಲಿದ್ದುಕೊಂಡೇ ಸೀಮಿತ ಇಲಾಖಾ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬೇಗನೆ ಮೇಲೇರುವುದು ಎರಡನೆಯದು. ಕನಿಷ್ಠ ಏಳು ವರ್ಷ ವಕೀಲಿ ಮಾಡಿ ನೇರ ನೇಮಕಾತಿಯ ಮೂಲಕ ಬರುವುದು ಮೂರನೆಯದು. ಈ ಮೂವರನ್ನು ಒಂದೇ ಪಟ್ಟಿಯಲ್ಲಿ ಕೂರಿಸುವುದಕ್ಕೆ ಪೀಠವು ವಾರ್ಷಿಕವಾದ ನಾಲ್ಕು ಅಂಕಗಳ ರೋಸ್ಟರನ್ನು ವಿಧಿಸಿದೆ: ಮೊದಲ ಎರಡು ಸ್ಥಾನ ಬಡ್ತಿಯವರಿಗೆ, ಮೂರನೆಯದು ಪರೀಕ್ಷೆಯವರಿಗೆ, ನಾಲ್ಕನೆಯದು ನೇರ ನೇಮಕಾತಿಯವರಿಗೆ. ಕೆಳಗಿನ ವೃಂದದಲ್ಲಿ ಕಳೆದ ದೀರ್ಘ ಸೇವೆಯ ಆಧಾರದ ಮೇಲೆ ಬಡ್ತಿಯವರಿಗೆ ಮೇಲಿನ ವೇತನಶ್ರೇಣಿಗಳಲ್ಲಿ ಪ್ರತ್ಯೇಕ ಪಾಲು ಕೊಡಬೇಕೆಂಬ ಬೇಡಿಕೆಯನ್ನು ಅದು ಒಪ್ಪಲಿಲ್ಲ. ರಾಜ್ಯಗಳು ತಮ್ಮ ಹೈಕೋರ್ಟುಗಳೊಡನೆ ಸಮಾಲೋಚಿಸಿ ಮೂರು ತಿಂಗಳೊಳಗೆ ನಿಯಮಗಳನ್ನು ತಿದ್ದತಕ್ಕದ್ದೆಂದು ನಿರ್ದೇಶಿಸಿತು.

ಈ ವ್ಯಾಜ್ಯ ಇಂದು ನಿನ್ನೆಯದಲ್ಲ. 1956ರಲ್ಲಿ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗುಗಳ ಕನ್ನಡ ಪ್ರದೇಶಗಳು ಒಂದಾದಾಗ ಐದು ಆಡಳಿತಗಳಿಂದ ಬಂದ ನೌಕರರನ್ನು ಒಂದೇ ಜ್ಯೇಷ್ಠತಾ ಪಟ್ಟಿಯಲ್ಲಿ ಹೊಂದಿಸುವ ಕಾರ್ಯವು ವರ್ಷಗಟ್ಟಲೆ ಎಳೆದು, ಆಗಿನ ಮೈಸೂರು ಹೈಕೋರ್ಟಿಗೆ ಅರ್ಜಿಗಳ ಹೊಳೆಯನ್ನೇ ಹರಿಸಿತು. ನಮ್ಮ ರಾಜ್ಯದ ಆಡಳಿತ ಸೇವೆಗೆ ಮೂರನೆಯ ಎರಡು ಪಾಲು ಬಡ್ತಿ, ಮೂರನೆಯ ಒಂದು ಪಾಲು ನೇರ ನೇಮಕಾತಿ ಎಂದಿದ್ದ ನಿಯಮದ ಮೇಲೆ ಹುಟ್ಟಿದ ವಿ.ಬಿ. ಬಾದಾಮಿಯವರ ಮೊಕದ್ದಮೆಯು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಪಾಲು ಮೀರಿ ಬಡ್ತಿ ಪಡೆದವರು ನೇರ ನೇಮಕಾತಿಯವರಿಗೆ ಸ್ಥಾನ ಬಿಟ್ಟುಕೊಡಬೇಕೆಂಬ ತತ್ತ್ವವು ಎಪ್ಪತ್ತರ ದಶಕದಲ್ಲಿ ಇಡೀ ದೇಶಕ್ಕೆ ಅನ್ವಯವಾಗುವಂತೆ ನಿಷ್ಕರ್ಷೆಯಾಯಿತು. ದಿಲ್ಲಿಯ ಉನ್ನತ ನ್ಯಾಯಾಂಗ ಸೇವೆಯ ಪಟ್ಟಿಯು 1984ರಲ್ಲಿ ಸಿಂಗ್ಲಾ ಮೊಕದ್ದಮೆಯಲ್ಲಿ ತೀರ್ಮಾನವಾಯಿತೆಂದುಕೊಂಡರೆ, 2000ದಲ್ಲಿ ರುದ್ರಕುಮಾರ್ ಸೈನ್ ಮೊಕದ್ದಮೆಯಾಗಿ ಅದೇ ಸೇವೆಯ ಅದೇ ಪ್ರಶ್ನೆ ಮತ್ತೆ ಬಂತು. ಒಬ್ಬ ಅಧಿಕಾರಿಯ ಸೇವಾವಧಿಯಲ್ಲಿ ಅರ್ಧದಷ್ಟು ಕಾಲ ತನ್ನ ಸ್ಥಾನವೇನೆಂಬುದು ಅನಿಶ್ಚಿತವಾಗಿಯೇ ಉಳಿದರೆ, ಕೊನೆಗೆ ಬರುವ ತೀರ್ಪು ಯಾರ ಪರವಾಗಿದ್ದರೂ ಅದರಿಂದ ಆಗತಕ್ಕ ಪ್ರಯೋಜನವಾದರೂ ಏನು?

ಕನ್ನಡಿಗರಾದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರು ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಅಧ್ಯಕ್ಷರಾಗಿ ಕೊಟ್ಟ ವರದಿಯನ್ನು ಪರಿಶೀಲಿಸಿ, ಸುಪ್ರೀಂ ಕೋರ್ಟು 2002ರ ಮಾರ್ಚ್ 21ರಂದು ಮೂರೂ ದಾರಿಗಳಿಗೆ ಅನುಕ್ರಮವಾಗಿ ಶೇಕಡಾ 50, 25, 25ರ ಪಾಲನ್ನು ಗೊತ್ತುಮಾಡಿ, ರೋಸ್ಟರನ್ನು ಅನುಸರಿಸಿದಲ್ಲಿ ಜ್ಯೇಷ್ಠತೆಯ ಜಗಳವೇ ಉಳಿಯದೆಂಬ ಆಶಯವನ್ನು ವ್ಯಕ್ತಪಡಿಸಿತ್ತು. 2010ರಲ್ಲಿ ಪರೀಕ್ಷೆಯವರ ಪಾಲು ಶೇಕಡಾ 10ಕ್ಕೆ ಇಳಿದು ಬಡ್ತಿಯವರದು 65ಕ್ಕೆ ಏರಿತು. 2025ರ ಮೇ 20ರಂದು ಪುನಃ 25ಕ್ಕೆ ಬಂತು. ಅಂಕಿಗಳು ಏರಿದವು, ಇಳಿದವು; ಜಗಳ ಮಾತ್ರ ಉಳಿಯಿತು. ಏಕೆ ಉಳಿಯಿತೆಂಬುದನ್ನು ಪರ್ಯಾಲೋಚಿಸಿದರೆ, ದೋಷವಿರುವುದು ಪಾಲಿನ ಪ್ರಮಾಣದಲ್ಲಲ್ಲ, ನೇಮಕಾತಿಯ ಕಾಲದಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ಒಂದು ವರ್ಷದ ನಾಲ್ಕು ಖಾಲಿ ಹುದ್ದೆಗಳನ್ನು ಎದುರಿಗೆ ಇಟ್ಟುಕೊಂಡು ನೋಡೋಣ. ಒಂದು, ಎರಡನೆಯ ಸ್ಥಾನಗಳಿಗೆ ಬಡ್ತಿಯವರು ಬಂದರು. ಮೂರನೆಯದಕ್ಕೆ ಪರೀಕ್ಷೆಯವರು ಬಂದರು. ನಾಲ್ಕನೆಯದು ನೇರ ನೇಮಕಾತಿಗೆ ಮೀಸಲು, ಆದರೆ ಅರ್ಜಿ ಕರೆದು, ಲಿಖಿತ ಪರೀಕ್ಷೆ ನಡೆಸಿ, ಮೌಖಿಕ ಸಂದರ್ಶನ ಮುಗಿಸುವ ಹೊತ್ತಿಗೆ ಎರಡು ವರ್ಷ ಕಳೆಯಿತು. ಈ ನಡುವೆ ಮುಂದಿನ ವರ್ಷದ ಐದು, ಆರನೆಯ ಸ್ಥಾನಗಳಿಗೆ ಬಡ್ತಿ ಪಡೆದ ಇಬ್ಬರು ಸೆಷನ್ಸ್ ನ್ಯಾಯಾಧೀಶರಾಗಿ ಕುಳಿತು, ಕೊಲೆ ಮೊಕದ್ದಮೆಗಳನ್ನು ವಿಚಾರಿಸಿ, ಜೀವಾವಧಿ ಶಿಕ್ಷೆಯನ್ನೂ ವಿಧಿಸಿದ್ದಾರೆ. ಆಮೇಲೆ ಬಂದವರು ನಾಲ್ಕನೆಯವರೆಂದು ಪಟ್ಟಿ ಹೇಳಿದರೆ, ತಾವಿನ್ನೂ ಕಪ್ಪು ಕೋಟು ಧರಿಸಿ ಇವರ ಮುಂದೆಯೇ ವಾದ ಮಂಡಿಸುತ್ತಿದ್ದ ದಿನಗಳಲ್ಲಿಯೂ ಅವರೇ ಇವರಿಗಿಂತ ಹಿರಿಯರಾಗಿದ್ದರೆಂದು ಒಪ್ಪಿದಂತಾಗುತ್ತದೆ. ಸೇವೆಯಲ್ಲಿ ಇಲ್ಲದಿದ್ದ ಕಾಲಕ್ಕೆ ಸೇವಾಜ್ಯೇಷ್ಠತೆ ಕೊಡುವುದು ಯಾವ ತರ್ಕದಿಂದಲೂ ಸಮರ್ಥನೀಯವಲ್ಲ.

2001ರಲ್ಲಿ ಹನ್ನೊಂದನೆಯ ಹಣಕಾಸು ಆಯೋಗದ ನೆರವಿನಿಂದ ಆರಂಭವಾದ ತ್ವರಿತ ನ್ಯಾಯಾಲಯಗಳ ಅಧಿಕಾರಿಗಳಿಗೆ ಆದದ್ದು ಇದರ ವಿಪರ್ಯಾಸ. ಅವರು ನಿಜವಾಗಿಯೂ ಪೀಠದಲ್ಲಿ ಕುಳಿತು ಸೆಷನ್ಸ್ ಮೊಕದ್ದಮೆಗಳನ್ನು ವಿಚಾರಿಸಿದರು. ಆದರೂ ಆ ನೇಮಕ ತಾತ್ಕಾಲಿಕವೆಂಬ ಕಾರಣದಿಂದ ಅಲ್ಲಿ ದುಡಿದ ವರ್ಷಗಳು ಜ್ಯೇಷ್ಠತೆಗೆ ಸೇರವೆಂದು 2013ರಲ್ಲಿ ಒಡಿಶಾದ ದೇವವ್ರತ ದಾಶ್ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. ದುಡಿದ ವರ್ಷಗಳನ್ನು ಲೆಕ್ಕದಿಂದ ಬಿಡುವ ನಿಯಮವು ದುಡಿಯದ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಾದರೆ, ಬಡ್ತಿಯವರ ಅಸಮಾಧಾನವನ್ನು ಕೇವಲ ಹೊಟ್ಟೆಕಿಚ್ಚೆಂದು ತಳ್ಳಿಹಾಕುವ ಅಧಿಕಾರ ಯಾರಿಗೂ ಇಲ್ಲ.

ತಾಲ್ಲೂಕು ಪೀಠದ ಅನುಭವವೆಂದರೇನು ಎಂಬುದನ್ನು ಅರಿಯಬೇಕಾದವರು ನಮ್ಮ ಸೀಮೆಯ ಒಂದು ಸ್ವತ್ತಿನ ದಾವೆಯನ್ನು ಆದ್ಯಂತ ನೋಡಬೇಕು. ಬಯಲುಸೀಮೆಯಿಂದ ಹೊಸದಾಗಿ ಬಂದ ತರುಣ ನ್ಯಾಯಾಧೀಶರ ಮುಂದೆ ಸರ್ವೆ ನಕ್ಷೆ ಹರಡಿದೆ. ಕಟಕಟೆಯಲ್ಲಿ ನಿಂತ ಮುದುಕರು, "ಅಗಳಿಂದ ಈಚೆಗೆ ತೋಟ ನಂದು ಸ್ವಾಮಿ, ಆಚೆಗೆ ಸೊಪ್ಪಿನ ಬೆಟ್ಟ, ಅಜ್ಜನ ಕಾಲದಿಂದ ನಾವೇ ಸೊಪ್ಪು ಕಡೀತಿದ್ದೀವಿ" ಎನ್ನುತ್ತಾರೆ. ನಕ್ಷೆಯಲ್ಲಿ ಅಗಳೂ ಇಲ್ಲ, ಸೊಪ್ಪೂ ಇಲ್ಲ, ಒಂದು ಸರ್ವೆ ನಂಬರು ಮಾತ್ರ ಇದೆ. ಕಾನು, ಸೊಪ್ಪಿನ ಬೆಟ್ಟಗಳ ಮೇಲೆ ತೋಟಗಾರನಿಗೆ ಇರತಕ್ಕ ಸವಲತ್ತು 1964ರ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣದಲ್ಲಿದೆ. ಅದು ಒಡೆತನವಲ್ಲ, ಆದರೆ ನೆರೆಯವನು ಬಂದು ಬೇಲಿ ಹಾಕಿಕೊಳ್ಳಬಹುದಾದಷ್ಟು ಕ್ಷುದ್ರವಾದುದೂ ಅಲ್ಲ. ಈ ಎರಡರ ನಡುವಣ ಸೂಕ್ಷ್ಮವನ್ನು ಆ ನ್ಯಾಯಾಧೀಶರು ಗ್ರಹಿಸುವುದು ಪುಸ್ತಕದಿಂದ ಅಲ್ಲ. ಅಗಳೆಂದರೆ ತೋಟದ ಸುತ್ತ ತೋಡಿದ ಕಂದಕವೆಂದು ಶಿರಸ್ತೇದಾರರಿಂದ ಕೇಳಿ ತಿಳಿದು, ಕಮಿಷನರನ್ನು ಸ್ಥಳಕ್ಕೆ ಕಳುಹಿಸಿ, ಅಗಳಿನ ಅಂಚಿನ ಹಳೆಯ ಮರಗಳ ವಯಸ್ಸನ್ನು ವರದಿಯಿಂದ ಕಂಡುಕೊಂಡು, ಸಾಕ್ಷಿಯ ಮಾತನ್ನು ತಿರುಚದೆ ದಾಖಲೆಗೆ ಬರೆಯುವುದರಿಂದ. ಅಂತಹವರು ವರ್ಷಗಳ ಮೇಲೆ ಜಿಲ್ಲಾ ನ್ಯಾಯಾಧೀಶರಾಗಿ ಇಂತಹ ದಾವೆಯ ಮೇಲ್ಮನವಿಯನ್ನು ಕೇಳುವಾಗ, ಸಾಕ್ಷಿಯ ಹೇಳಿಕೆಯಲ್ಲಿ ಬರೆಯದೆ ಉಳಿದದ್ದೇನೆಂಬುದನ್ನೂ ಓದಬಲ್ಲರು.

ಹೀಗೆಂದ ಮಾತ್ರಕ್ಕೆ ವಕೀಲವೃಂದದಿಂದ ಬರುವವರ ಯೋಗ್ಯತೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಕಕ್ಷಿದಾರನ ಸಂಕಟವನ್ನು ಅವನ ಪಕ್ಕದಲ್ಲಿ ಕುಳಿತು ಕೇಳಿದ ಅನುಭವ ಪೀಠಕ್ಕೆ ಬೇಕೇಬೇಕು. ಆದಕಾರಣವೇ ಸಂವಿಧಾನದ 233ನೆಯ ಅನುಚ್ಛೇದವು ಆ ಬಾಗಿಲನ್ನು ತೆರೆದಿಟ್ಟಿದೆ. ಕಠಿಣವಾದ ಪರೀಕ್ಷೆಯನ್ನು ಗೆದ್ದು ಬಂದವರು ತಮ್ಮದಲ್ಲದ ತಪ್ಪಿನಿಂದ ನೇಮಕಾತಿ ತಡವಾದಾಗ ಪಟ್ಟಿಯ ತಳಕ್ಕೆ ಬೀಳುವುದೂ ಅನ್ಯಾಯವೇ. 2025ರ ಅಕ್ಟೋಬರ್ 9ರಂದು ಇನ್ನೊಂದು ಸಂವಿಧಾನ ಪೀಠವು 2020ರ ಧೀರಜ್ ಮೋರ್ ತೀರ್ಪನ್ನು ಬದಿಗೊತ್ತಿ, ವಕೀಲಿ ಮತ್ತು ನ್ಯಾಯಾಂಗ ಸೇವೆ ಎರಡೂ ಕೂಡಿ ಏಳು ವರ್ಷವಾದಲ್ಲಿ ಸೇವೆಯಲ್ಲಿರುವ ನ್ಯಾಯಾಧೀಶರೂ ನೇರ ನೇಮಕಾತಿಗೆ ಅರ್ಹರೆಂದು ಸಾರಿದ ಮೇಲಂತೂ, ಬಡ್ತಿಯವರು ಬೇರೆ, ನೇರದವರು ಬೇರೆ ಎಂಬ ಎರಡು ಜಾತಿಗಳ ಕಲ್ಪನೆಯೇ ಶಿಥಿಲವಾಗಿದೆ. ಒಂದು ವೃಂದವನ್ನು ಸೇರಿದ ಮೇಲೆ ಬಂದ ದಾರಿಯ ಗುರುತು ಅಳಿಯಬೇಕೆಂಬ ನವೆಂಬರಿನ ಪೀಠದ ಮಾತು ಸರ್ವಥಾ ಒಪ್ಪತಕ್ಕದ್ದು. ಆದರೆ ದಾರಿಯ ಗುರುತು ಅಳಿಯಲಿ ಎಂದರೆ ಸೇರಿದ ದಿನದ ಗುರುತೂ ಅಳಿಯಲಿ ಎಂದು ಅರ್ಥವಲ್ಲ.

ನೇಮಕಾತಿಯ ಕಾಲದ ಈ ದೋಷವನ್ನು ಆ ಪೀಠವು ಕಾಣದೆ ಇಲ್ಲ. ಖಾಲಿಯಾದ ವರ್ಷದೊಳಗೆ ನೇಮಕಾತಿಯ ಪ್ರಕ್ರಿಯೆಯೇ ಆರಂಭವಾಗದಿದ್ದಲ್ಲಿ, ತರುವಾಯ ಬಂದವರಿಗೆ ನೇಮಕವಾದ ವರ್ಷದ ರೋಸ್ಟರಿನಲ್ಲಿಯೇ ಸ್ಥಾನವೆಂದು ಅದು ಹೇಳಿದೆ. ಇಷ್ಟು ಸಾಲದೆಂಬುದು ನನ್ನ ವಾದ. ಆರಂಭವೆಂದರೆ ಅಧಿಸೂಚನೆಯೊಂದೇ ಆಗುವುದಾದರೆ, ಡಿಸೆಂಬರಿನ ಕೊನೆಯ ವಾರದಲ್ಲಿ ಅದನ್ನು ಹೊರಡಿಸಿ, ಪರೀಕ್ಷೆಯನ್ನು ಮುಂದಿನ ಮಳೆಗಾಲಕ್ಕೆ ನೂಕುವುದಕ್ಕೆ ಅಡ್ಡಿಯೇನಿದೆ? ಮಲಿಕ್ ಮಜರ್ ಸುಲ್ತಾನ್ ಮೊಕದ್ದಮೆಯಲ್ಲಿ 2007ರ ಜನವರಿಯಲ್ಲಿಯೇ ಖಾಲಿ ಹುದ್ದೆಗಳ ಎಣಿಕೆಯಿಂದ ಹಿಡಿದು ನೇಮಕದವರೆಗೆ ಪ್ರತಿಯೊಂದು ಹಂತಕ್ಕೂ ಸುಪ್ರೀಂ ಕೋರ್ಟು ತಾರೀಖು ಕೊಟ್ಟಿತ್ತು. ಆ ಕಾಲಪಟ್ಟಿಯನ್ನು ಪ್ರತಿ ವರ್ಷ ತಪ್ಪದೆ ಪಾಲಿಸಿದ್ದರೆ ಎಲ್ಲರೂ ತಮ್ಮ ವರ್ಷದೊಳಗೆ ಬಂದು ಸೇರುತ್ತಿದ್ದರು. ರೋಸ್ಟರಿನ ಅಂಕವೂ ಸೇರಿದ ದಿನವೂ ಬೇರೆಬೇರೆಯಾಗುತ್ತಲೇ ಇರಲಿಲ್ಲ. ಕಕ್ಷಿದಾರನು ಕೈಫಿಯತ್ತನ್ನು ಗೊತ್ತಾದ ದಿನದೊಳಗೆ ಸಲ್ಲಿಸದಿದ್ದರೆ ಅವನ ಹಕ್ಕು ಹೋಗುತ್ತದೆಂದು ದಿನವೂ ಆಜ್ಞೆ ಮಾಡುವ ಸಂಸ್ಥೆಗೆ ತನ್ನ ನೇಮಕಾತಿಯ ವಾಯಿದೆಯನ್ನು ಪಾಲಿಸುವುದು ಅಸಾಧ್ಯವೆಂದರೆ ಯಾರು ನಂಬಬೇಕು?

ಜಿಲ್ಲಾ ನ್ಯಾಯಾಧೀಶರು ಅರವತ್ತಕ್ಕೆ ನಿವೃತ್ತರಾಗುತ್ತಾರೆ. ಮೂವತ್ತೈದರ ಆಸುಪಾಸಿನಲ್ಲಿ ನೇರವಾಗಿ ಬಂದವರಿಗೆ ಆ ವೃಂದದಲ್ಲಿ ಇಪ್ಪತ್ತೈದು ವರ್ಷಗಳಿದ್ದರೆ, ಐವತ್ತರ ಸಮೀಪದಲ್ಲಿ ಬಡ್ತಿ ಪಡೆದವರಿಗೆ ಹತ್ತು ವರ್ಷವಿರುವುದೂ ದುರ್ಲಭ. ಅದರಲ್ಲಿ ಎರಡು ವರ್ಷ ಪಟ್ಟಿಯ ಗೊಂದಲಕ್ಕೆ ಸಂದರೆ ಪ್ರಧಾನ ಜಿಲ್ಲಾ ನ್ಯಾಯಾಧೀಶರ ಸ್ಥಾನವಾಗಲಿ, ಹೈಕೋರ್ಟಿನ ಪೀಠವಾಗಲಿ ಅವರ ಪಾಲಿಗೆ ಇಲ್ಲವೆಂದೇ ಅರ್ಥ. ಆದುದರಿಂದ ಕರ್ನಾಟಕದ ನಿಯಮಗಳಲ್ಲಿ ಮೂರು ಸಂಗತಿಗಳು ನಿಸ್ಸಂದಿಗ್ಧವಾಗಿ ಬರಲೇಬೇಕು. ನೇಮಕಾತಿಯ ಆರಂಭವೆಂಬುದಕ್ಕೆ ಅಧಿಸೂಚನೆಯಷ್ಟೇ ಸಾಲದು, ಲಿಖಿತ ಪರೀಕ್ಷೆಯೂ ಆ ವರ್ಷದೊಳಗೆ ನಡೆದಿರಬೇಕೆಂದು ವಿವರಿಸತಕ್ಕದ್ದು. ಹಾಗೆ ನಡೆಯದ ವರ್ಷದ ಅಂಕವು ನೇರ ನೇಮಕಾತಿಯವರ ಪಾಲಿನಲ್ಲಿಯೇ ಉಳಿದರೂ ಮುಂದಿನ ವರ್ಷದ ಪಟ್ಟಿಗೆ ಸೇರತಕ್ಕದ್ದೇ ಹೊರತು ಹಿಂದಿನದಕ್ಕಲ್ಲ. ಮತ್ತು ಪ್ರತಿ ವರ್ಷವೂ ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿಯನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಗೊತ್ತಾದ ಅವಧಿಯೊಳಗೆ ಕೇಳಿ ಕಾರಣಸಹಿತವಾಗಿ ಇತ್ಯರ್ಥಪಡಿಸಿ, ಅಂತಿಮ ಪಟ್ಟಿಯನ್ನು ಮುಂದಿನ ಬಡ್ತಿಗೆ ಮೊದಲೇ ಹೊರಡಿಸತಕ್ಕದ್ದು; ಅದಾದಮೇಲೆ ಅದನ್ನು ಹೈಕೋರ್ಟಿನ ಆಡಳಿತ ವಿಭಾಗವೇ ಬಂದರೂ ಪುನಃ ಬಿಚ್ಚಕೂಡದು.