ಊರಿನ ಸಾಲ, ಊರಿನ ಚರಂಡಿ

ಮೊನ್ನೆ ಪೋತ್ತನೂರಿನ ನಮ್ಮ ಬೀದಿಯ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದರು: "ಏನು ಮೇಷ್ಟ್ರೇ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮಕ್ಕಳಿಗೆ ಹೇಳಿಕೊಡುವವರು ನೀವು. ರಸ್ತೆಗೂ ಚರಂಡಿಗೂ ನಗರಸಭೆಗಳು ಬಾಂಡು ಮಾರಿ ಸಾಲ ಎತ್ತುವುದು ಸರಿಯೆನ್ನುತ್ತೀರಲ್ಲ! ನಾಳೆ ತೀರಿಸುವವರು ಯಾರು?" ಪ್ರಶ್ನೆ ನ್ಯಾಯವಾದುದು. ಬೀದಿಯಲ್ಲಿ ನಿಂತು ಹೇಳಿ ಮುಗಿಸಲಾಗದ ಉತ್ತರವನ್ನು ವಾಚಕರ ಮುಂದಿಡುತ್ತೇನೆ.

ಆ ಹಿರಿಯರದು ನೇಕಾರರ ಮನೆತನ. ಮದುವೆಯ ಆಡಂಬರಕ್ಕೆ ಮಾಡಿದ ಸಾಲ ಮನೆಯನ್ನು ತಿನ್ನುತ್ತದೆ. ಮಗ್ಗಕ್ಕೆ ಮಾಡಿದ ಸಾಲವನ್ನು ಮಗ್ಗವೇ ತೀರಿಸುತ್ತದೆ. ಇದನ್ನು ಅವರಿಗೆ ನಾನು ಹೇಳಬೇಕಾಗಿಲ್ಲ. ನೆಲದಡಿಯ ಚರಂಡಿಯೂ ಊರಿನ ಮಗ್ಗವೇ. ಇಂದು ಹೂಳಿದ ಕೊಳವೆ ಮೂವತ್ತು ವರ್ಷ ದುಡಿಯುತ್ತದೆ. ಅದರ ಸಂಪೂರ್ಣ ಬೆಲೆಯನ್ನು ಇಂದಿನವರೇ ತೆರಬೇಕೆಂಬುದು ನ್ಯಾಯವಲ್ಲ. ನಾಳೆ ಅದೇ ಬೀದಿಯಲ್ಲಿ ಬಾಳುವವರೂ ಪಾಲುಗೊಳ್ಳಬೇಕು.

ಲೆಕ್ಕವನ್ನು ನೋಡೋಣ. ಒಂದು ಮನೆಯ ಪಾಲು 10,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇಕಡಾ 8ರ ಬಡ್ಡಿಗೆ ಹದಿನೈದು ವರ್ಷದ ಸಾಲವಾದರೆ ವರ್ಷಕ್ಕೆ ಸುಮಾರು 1,170 ರೂಪಾಯಿ, ಅಂದರೆ ತಿಂಗಳಿಗೆ ನೂರರೊಳಗೆ. ಒಟ್ಟು ತೆರುವುದು ಸುಮಾರು 17,500. ಹೆಚ್ಚಿನ 7,500 ಬಡ್ಡಿಯೆಂಬುದನ್ನು ಮರೆಮಾಚಬಾರದು. ಆದರೆ ಹದಿನೈದು ವರ್ಷ ಹಣ ಕೂಡಿಟ್ಟು ಅನಂತರ ಕೆಲಸ ಹಿಡಿದರೆ, ಅಷ್ಟರಲ್ಲಿ ಕೊಳವೆಯ ಬೆಲೆಯೂ ಕೂಲಿಯೂ ಏರಿರುತ್ತವೆ. ಆ ವರ್ಷಗಳ ಕೊಳಚೆ, ಸೊಳ್ಳೆ, ವಾಂತಿಭೇದಿಗಳ ವೆಚ್ಚ ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರುವುದಿಲ್ಲ.

ತಡಮಾಡಿದವರ ಪಾಡನ್ನು ನಮ್ಮ ನೊಯ್ಯಲ್ ನದಿ ಬಲ್ಲದು. ರೈತರ ಹೊಲಕ್ಕೆ ನೀರುಣಿಸಲೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ತಿರುಪ್ಪೂರಿನ ಬಣ್ಣದ ನೀರಿನ ಕುಂಡವಾಯಿತು. 2011ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಿಂದ ಬಣ್ಣದ ಕಾರ್ಖಾನೆಗಳಿಗೆ ಬೀಗ ಬಿದ್ದು, ಸಾವಿರಾರು ಕೈಗಳಿಗೆ ಕೆಲಸ ತಪ್ಪಿತು. ಕೊಳಚೆ ನೀರಿಗೆ ಕಾಲಕ್ಕೆ ಖರ್ಚು ಮಾಡದಿದ್ದರೆ ಬಡ್ಡಿಯನ್ನು ಹೀಗೆ ತೆರಬೇಕಾಗುತ್ತದೆ.

ಬಾಂಡು ಹೊಸತೇನಲ್ಲ. 1997ರಲ್ಲಿ ಬೆಂಗಳೂರು ಮಹಾನಗರಪಾಲಿಕೆ ರಸ್ತೆ, ಚರಂಡಿಗಳಿಗಾಗಿ 125 ಕೋಟಿ ರೂಪಾಯಿಯ ಬಾಂಡು ಹೊರಡಿಸಿತು. ರಾಜ್ಯ ಸರ್ಕಾರ ಜಾಮೀನು ನಿಂತಿತು. ಮರುವರ್ಷ ಅಹಮದಾಬಾದು ಅಂಥ ಜಾಮೀನಿಲ್ಲದೆಯೇ 100 ಕೋಟಿ ಎತ್ತಿತು. ಒಂಟಿಯಾಗಿ ಸಾಲ ಹುಟ್ಟದ ತಮಿಳುನಾಡಿನ ಸಣ್ಣ ಪಟ್ಟಣಗಳಿಗಾಗಿ 2002ರಲ್ಲಿ ಎಲ್ಲರ ಅಗತ್ಯವನ್ನು ಒಟ್ಟುಗೂಡಿಸಿ ಸುಮಾರು 30 ಕೋಟಿಯ ಬಾಂಡು ಹೊರಟಿತು. 2025ರಲ್ಲಿ ಚೆನ್ನೈ ಮಳೆನೀರ ಕಾಲುವೆಗಳಿಗಾಗಿ 200 ಕೋಟಿ ಸಂಗ್ರಹಿಸಿತು. ಹಿಂದೆ ಚೆನ್ನೈಯ ಪಕ್ಕದ ಬೇರೆ ಊರಾಗಿದ್ದ ಆಲಂದೂರಿನದು ಇನ್ನೂ ಬೋಧಪ್ರದ: ಅಲ್ಲಿ ಬಾಂಡಿಲ್ಲ, ಸಾಲವುಂಟು, ಆದರೆ ಚರಂಡಿ ಬರುವ ಮುನ್ನವೇ ಮನೆಗೆ 5,000 ರೂಪಾಯಿಯಂತೆ ಜನರೇ ಠೇವಣಿಯಿಟ್ಟರು. ಪಾಲು ಕೊಟ್ಟವನು ಕೆಲಸವನ್ನು ಕಾಯುತ್ತಾನೆ.

ಆದರೆ ಎಲ್ಲ ಸಾಲವೂ ಒಳ್ಳೆಯದೆಂದು ನಾನು ಹೇಳಲಾರೆ. ಸಂಬಳಕ್ಕೂ ಸಮಾರಂಭಕ್ಕೂ ಬಾಂಡಿನ ಹಣ ಸಲ್ಲದು. ತೆರಿಗೆಯ ಒಂದು ಪಾಲನ್ನು ಕಂತಿಗೆಂದೇ ಬೇರೆ ಖಾತೆಯಲ್ಲಿ ಮೀಸಲಿಡಬೇಕು. ಲೆಕ್ಕವನ್ನು ವಾರ್ಡಿನ ಜನ ಓದುವಂತೆ ಪ್ರಕಟಿಸಬೇಕು. ಮೊದಲು ಚರಂಡಿ, ಅನಂತರ ರಸ್ತೆ. ಹಾಕಿದ ಡಾಂಬರನ್ನು ಮರುವರ್ಷ ಅಗೆಯುವ ಊರಿಗೆ ಸಾಲ ಕೊಡುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಬಡವರ ಮನೆಯ ಜೋಡಣೆಗೆ ಸುಲಭ ಕಂತು ಇರಬೇಕು.

"ತೀರಿಸುವವರು ಯಾರು?" ಎಂದು ಕೇಳಿದಿರಲ್ಲವೆ, ಹಿರಿಯರೇ? ನಾವೇ, ಮತ್ತು ನಮ್ಮ ಮಕ್ಕಳು. ಅವರ ತಲೆಯ ಮೇಲೆ ಸಾಲ ಹೊರಿಸುವುದಾದರೆ ಕಾಲಡಿಯಲ್ಲಿ ಒಣನೆಲವನ್ನೂ ಕೊಡೋಣ. ಹೊಂಡದ ರಸ್ತೆಯನ್ನೂ ನಾರುವ ಕಾಲುವೆಯನ್ನೂ ಉಳಿಸಿಹೋದರೆ ಅದೂ ಸಾಲವೇ. ಅದಕ್ಕೆ ಪತ್ರವಿಲ್ಲ, ಅಷ್ಟೆ.