ನಿಷಾದವನ್ನು ತಿದ್ದಿದವರು

ಪುಣೆಯಲ್ಲಿ ನಾನು ಪಿಯಾನೊ ಕಲಿಯುವ ಕಡೆ ಹೋದ ತಿಂಗಳು ‘ಸ್ವಾಲೋಟೇಲ್ ಜಿಗ್’ ಎಂಬ ಐರಿಷ್ ಕುಣಿತದ ಮಟ್ಟನ್ನು ಕೊಟ್ಟರು. ಹಾಳೆ ಅಚ್ಚುಕಟ್ಟಾಗಿತ್ತು. ಆದರೆ ಸಾಲು ಮುಗಿಯುವಲ್ಲೆಲ್ಲ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ.

ಮಟ್ಟು ಡೋರಿಯನ್. ನಮ್ಮ ಲೆಕ್ಕದಲ್ಲಿ ಖರಹರಪ್ರಿಯದ ಸ್ವರಗಳು. ‘ಇ’ಯನ್ನು ಷಡ್ಜ ಮಾಡಿಕೊಂಡರೆ ‘ಡಿ’ ಕೈಶಿಕಿ ನಿಷಾದ. ಪಿಯಾನೊಗೆ ಅಳವಡಿಸಿದವರು ಎಡಗೈಗೆ ಬಿ ಮೇಜರ್ ಕಾರ್ಡ್ ಹಾಕಿ, ಅದಕ್ಕೆ ಹೊಂದಲೆಂದು ಮಟ್ಟಿನ ‘ಡಿ’ಯನ್ನೇ ಶಾರ್ಪ್ ಮಾಡಿಬಿಟ್ಟಿದ್ದಾರೆ. ಕಾಕಲಿ ನಿಷಾದ! ಖರಹರಪ್ರಿಯ ನಡುವೆಯೇ ಗೌರಿಮನೋಹರಿಯಾಯಿತು. ಒಳ್ಳೆಯ ರಾಗವೇ, ಆದರೆ ಅದನ್ನು ಇಲ್ಲಿಗೆ ಕರೆದವರು ಯಾರು?

‘ಹಾಗೆ ಮಾಡದಿದ್ದರೆ ಮುಗಿದಂತೆ ಕೇಳಿಸುವುದಿಲ್ಲ’ ಎಂದರು ಮೇಷ್ಟ್ರು. ಮುಗಿಯಬೇಕು ಎಂದವರಾದರೂ ಯಾರು ಸಾರ್? ಎರಡು ಭಾಗ, ಒಂದೊಂದೂ ಎಂಟು ಬಾರ್, ಒಂದೊಂದೂ ಎರಡು ಸಲ. 32 ಬಾರ್ ಆದ ಮೇಲೆ ಮತ್ತೆ ಮೊದಲಿಗೆ, ಇಲ್ಲವೇ ಇನ್ನೊಂದು ಮಟ್ಟಿಗೆ. ಕುಣಿಯುವವರ ಕಾಲು ನಿಂತಾಗ ನಿಲ್ಲುವ ಸಂಗೀತ ಅದು.

ಈ ಚಾಳಿ ಹಳೆಯದು. 1792ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹಾರ್ಪ್ ವಾದಕರು ಸೇರಿದಾಗ ಮಟ್ಟುಗಳನ್ನು ಬರೆದುಕೊಳ್ಳಲು ಎಡ್ವರ್ಡ್ ಬಂಟಿಂಗ್ ಎಂಬ 19ರ ಹುಡುಗನನ್ನು ಕೂರಿಸಿದರು. 1796, 1809, 1840ರಲ್ಲಿ ಅವನು ಅಚ್ಚು ಹಾಕಿದ್ದು ಪಿಯಾನೊಗೆ ಹೊಂದಿಸಿದ ರೂಪವನ್ನು, ದಿವಾನಖಾನೆಯ ರುಚಿಗೆ ಬಗ್ಗಿಸಿ. ಅವನಿಲ್ಲದಿದ್ದರೆ ಎಷ್ಟೋ ಮಟ್ಟುಗಳು ಉಳಿಯುತ್ತಿರಲಿಲ್ಲ, ಒಪ್ಪಿದೆ. ಆದರೆ ಉಳಿಸಿದವನಿಗೆ ತಿದ್ದುವ ಹಕ್ಕೂ ಸಿಕ್ಕಿಬಿಡುತ್ತದೆಯೇ?

ನಾನೂ ಸಾಚಾ ಅಲ್ಲ. ಧಾರವಾಡ ಕಡೆಯ ಮುದುಕಿಯೊಬ್ಬಳ ಮಾತನ್ನು ಇಂಗ್ಲಿಷಿಗೆ ತಂದಾಗ ಅವಳ ಅರ್ಧಕ್ಕೇ ನಿಲ್ಲುವ ವಾಕ್ಯಗಳನ್ನೆಲ್ಲ ಪೂರ್ತಿ ಮಾಡಿದ್ದೆ. ಸಂಪಾದಕರು ‘ಸೊಗಸಾಗಿ ಓದಿಸಿಕೊಳ್ಳುತ್ತದೆ’ ಎಂದರು. ಪುಸ್ತಕ ಬಂದ ಮೇಲೆ ನೋಡಿದರೆ ಅಲ್ಲಿ ಮುದುಕಿಯೇ ಇರಲಿಲ್ಲ.

ಪಿಯಾನೊವೇ ಬೇಡ ಎನ್ನುವ ಮಡಿವಂತರ ಜೊತೆಗೂ ನಾನಿಲ್ಲ. ಐರಿಷ್ ಕೇಲಿ ಬ್ಯಾಂಡುಗಳಲ್ಲಿ ಅದು ಎಂದೋ ಜಾಗ ಹಿಡಿದಿದೆ. ಪರ್ಸಿ ಗ್ರೇಂಜರ್ ‘ಮಾಲಿ ಆನ್ ದಿ ಶೋರ್’ನಲ್ಲಿ ಕಾರ್ಕ್‌ನ ಎರಡು ರೀಲ್‌ಗಳನ್ನು ಬೇಕಾದಂತೆ ಕುಣಿಸಿದ; ಅದು ಅವನ ಕೃತಿ, ಅವನ ಹೆಸರಿನಲ್ಲೇ ಇದೆ. ನನ್ನ ತಕರಾರು ‘ಸಾಂಪ್ರದಾಯಿಕ’ ಎಂದು ಮೇಲೆ ಅಚ್ಚು ಹಾಕಿ ಒಳಗೆ ಸ್ವರ ಬದಲಿಸುವವರ ಮೇಲೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಎಡಗೈಯಲ್ಲಿ ‘ಇ’ ಮತ್ತು ‘ಬಿ’ ಮಾತ್ರ, ಪೈಪ್ಸ್‌ನ ಶ್ರುತಿಯಂತೆ, ತಂಬೂರಿಯಂತೆ. ಮಟ್ಟು ಇಳಿದಾಗ ‘ಡಿ’ ಮತ್ತು ‘ಎ’ಗೆ ಇಳಿಯಿರಿ. ಪೆಡಲಿನಿಂದ ಕಾಲು ತೆಗೆಯಿರಿ. ಪಿಟೀಲಿನ ‘ಕಟ್’ ಬೇಕಿದ್ದರೆ ಮೇಲಿನ ಸ್ವರವನ್ನು ಬೆರಳಂಚಿನಲ್ಲಿ ತಾಗಿಸಿ ಬಿಡಿ.

ನನ್ನ ಹಾಳೆಯ ಶಾರ್ಪ್‌ಗಳನ್ನೆಲ್ಲ ಪೆನ್ಸಿಲಿನಲ್ಲಿ ಹೊಡೆದು ನುಡಿಸಿದೆ. ಮೇಷ್ಟ್ರು ಮುಖ ಸಿಂಡರಿಸಿದರು. ಪಕ್ಕದಲ್ಲಿ ಕಾಯುತ್ತಿದ್ದ ಹುಡುಗಿಯ ಕಾಲು ಮಾತ್ರ ತಾಳ ಹಾಕುತ್ತಿತ್ತು.