ದತ್ತಿಯೂ ನ್ಯಾಸಾಪಹಾರವೂ

ನಿತ್ಯಾಭಿಷೇಕಕ್ಕೆಂದು ಹಿರಿಯರು ಬಿಟ್ಟ ದತ್ತಿಯನ್ನು ಸಭಾಭವನಕ್ಕೆ ಬಳಸಿದರೆ ತಪ್ಪೇನು, ಎರಡೂ ಸಮಾಜದ್ದೇ ಅಲ್ಲವೇ ಎಂಬ ವಾದ ಬಸದಿಗಳ ವಿಶ್ವಸ್ತರಿಂದ ಕೇಳಿಬರುವುದುಂಟು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಶ್ರಾವಕರು ಅದಕ್ಕೆ ತಲೆದೂಗುವ ಮುನ್ನ 1954ರ ತೀರ್ಪೊಂದನ್ನು ನೆನೆಯಬೇಕು.

ಆಗ ಈ ಸೀಮೆಯೆಲ್ಲ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. 1950ರ ಮುಂಬಯಿ ಸಾರ್ವಜನಿಕ ಟ್ರಸ್ಟ್ ಕಾಯ್ದೆಯನ್ನು ಪ್ರಶ್ನಿಸಿದವರಲ್ಲಿ ಜೈನ ದೇವಾಲಯವೊಂದರ ವ್ಯವಸ್ಥಾಪಕರಾದ ರತಿಲಾಲ ಪಾನಾಚಂದ ಗಾಂಧಿಯವರಿದ್ದರು. ನೋಂದಣಿ, ಲೆಕ್ಕತಪಾಸಣೆಗಳ ನಿಯಮಗಳನ್ನು ಸರ್ವೋಚ್ಚ ನ್ಯಾಯಾಲಯ ಬಹುಮಟ್ಟಿಗೆ ಒಪ್ಪಿತು. ಆದರೆ ದಾನಿಯ ಮೂಲ ಉದ್ದೇಶ ನೆರವೇರಬಲ್ಲದಾಗಿರುವಾಗ ಧಾರ್ಮಿಕ ನಿಧಿಯನ್ನು ಬೇರೊಂದಕ್ಕೆ ತಿರುಗಿಸುವುದು ನ್ಯಾಯಾಲಯಕ್ಕೂ ಸಲ್ಲದೆಂದಿತು. ನ್ಯಾಯಾಲಯಕ್ಕೇ ಇಲ್ಲದ ಅಧಿಕಾರ ಖಜಾಂಚಿಗೆ ಎಲ್ಲಿಂದ ಬಂದೀತು? ಸರಕಾರ ಕೈಯಿಕ್ಕಿದಾಗ ಈ ತೀರ್ಪನ್ನು ಮುಂದೊಡ್ಡುವವರು ತಾವೇ ಕೈಯಿಕ್ಕುವಾಗ ಅದನ್ನು ಮರೆಯುತ್ತಾರೆ!

ಮೃತ್ಯುಪತ್ರದ ದಾನಗಳ ಪಾಡು ಇನ್ನೂ ಸೂಕ್ಷ್ಮ. ಪ್ರೊಬೇಟ್ ಎಂಬ ನ್ಯಾಯಾಲಯದ ದೃಢೀಕರಣ ಈ ಭಾಗದ ಜೈನರಿಗೆ ಕಡ್ಡಾಯವಲ್ಲ. ಆದುದರಿಂದ ದಾನಿಯ ಮಾತು ಪೆಟ್ಟಿಗೆಯ ತಳದಲ್ಲಿಯೇ ಉಳಿಯುವುದು ಸುಲಭ. ಮಕ್ಕಳಿಗೆ ಷರತ್ತು ಮರೆತಿರುತ್ತದೆ. ದಫ್ತರದಲ್ಲಿ ಪತ್ರವಿದ್ದರೂ ಬಲ್ಲವರು ಬಾಯಿಬಿಡುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯ ಬಳಿಯಲ್ಲಿಯೇ ನ್ಯಾಸಾಪಹಾರವನ್ನು ಇರಿಸಿದೆ. ಇಟ್ಟವನು ಎಣಿಕೆ ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದುಬಿಡುವುದೇ ಅದು ಎಂದು ಟೀಕಾಕಾರರು ಬಿಡಿಸಿ ಹೇಳಿದ್ದಾರೆ. ಕದ್ದವನಲ್ಲ, ಬರಿದೆ ಹೂಂಗುಟ್ಟಿದವನು!

ಮುಂದಿನ ವಾರ್ಷಿಕ ಸಭೆಯಲ್ಲಿ ಜಮಾಖರ್ಚು ಮಂಡಿಸುವ ಮುನ್ನ ಒಂದೊಂದು ದತ್ತಿಪತ್ರವನ್ನೂ ದಾನಿಯ ಮನೆಯವರ ಎದುರಿಗೇ ಓದಿಸಲಿ.